ನಾನು ಸಹಿ ಹಾಕಿದ ಮರಿಗಳು

ಸ್ಪಿರಿಟ್ ತುಂಬಿದ ಗಾಜಿನ ಬಾಟಲಿ ಜೀಪಿನ ಹಿಂದಿನ ಸೀಟಿನಲ್ಲೇ ಇತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಹೊರಗಿನಿಂದ ಬಂದ ಮೀನುಮರಿಯನ್ನು ಕೊಳಕ್ಕೆ ಬಿಡುವ ಮೊದಲು ಹತ್ತು ಮರಿಗಳನ್ನು ಅಂಥ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿ ಪ್ರಯೋಗಾಲಯಕ್ಕೆ ಕಳಿಸಬೇಕು. ಐದು ನಿಮಿಷದ ಕೆಲಸ. ಆ ದಿನ ನಾನು ಅದನ್ನು ಮಾಡಲಿಲ್ಲ.

ಆಗ ನಾನು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಅಧಿಕಾರಿಯಾಗಿ ತರೀಕೆರೆಯಲ್ಲಿದ್ದೆ. ಅಜ್ಜಂಪುರ ತಾಲ್ಲೂಕಿನ ಪ್ರಭಾರವೂ ನನ್ನ ತಲೆ ಮೇಲೇ ಇತ್ತು. ನಮ್ಮ ಕೆಲಸದ ರೀತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ. ಯಾವ ಮೀನು ಸಾಕಬಹುದು, ಯಾವುದನ್ನು ದೇಶದಲ್ಲೇ ಸಾಕಕೂಡದು ಅನ್ನುವ ಪಟ್ಟಿ ದೆಹಲಿಯ ಕೇಂದ್ರ ಇಲಾಖೆಯಿಂದ ಬರುತ್ತದೆ. ಕೊಳ ತೋಡಿಸುವ ಯೋಜನೆ ಅಲ್ಲಿಂದ ಬರುತ್ತದೆ. ಸರಿಯಾಗಿ ನಡೆದಿದೆಯೇ ಎಂದು ನೋಡಲು ತಂಡವೂ ಅಲ್ಲಿಂದಲೇ ಬರುತ್ತದೆ. ಕೊಳದ ದಡದಲ್ಲಿ ನಿಂತು, ನೀರಿಗೆ ಬಿಡುತ್ತಿರುವುದು ಪಟ್ಟಿಯಲ್ಲಿರುವ ಮೀನೇ ಹೌದು ಎಂದು ಸಹಿ ಹಾಕುವವರು ಮಾತ್ರ ನಾವು. ದೆಹಲಿಯವರು ನಂಬುವುದು ಆ ಸಹಿಯನ್ನು. ರೈತರು ನಂಬುವುದೂ ಅದನ್ನೇ.

ಶಿವನಿ ಸ್ಟೇಷನ್ನಿನ ಹಿಂದೆ, ಹಳಿಯಿಂದ ಕೂಗಳತೆಯ ದೂರದಲ್ಲಿ ಒಂದು ಕುಟುಂಬದ ಎರಡು ಕೊಳಗಳಿದ್ದವು. ಯಜಮಾನರು ರೈಲ್ವೆಯಲ್ಲಿ ಕೀಮನ್ ಆಗಿ ನಿವೃತ್ತರಾದವರು. ಕೀಮನ್ ಅಂದರೆ ದಿನಾ ಸುತ್ತಿಗೆ, ಸ್ಪ್ಯಾನರ್ ಹೆಗಲಿಗೇರಿಸಿ ಹಳಿಗುಂಟ ನಡೆದು, ಸಡಿಲವಾದ ಬೋಲ್ಟುಗಳನ್ನು ಬಿಗಿ ಮಾಡುವವರು. ಊರಲ್ಲಿ ಎಲ್ಲರೂ ಅವರನ್ನು ಕೀಮನ್ ಸಾಹೇಬರು ಅಂತಲೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವರು, ಅವರ ಮಗಳು, ಇಬ್ಬರೇ.

ಮಗಳಿಗೆ ಮೂವತ್ತರ ಆಸುಪಾಸು. ಕಡೂರಿಗೆ ಕೊಟ್ಟಿದ್ದರು. ಎರಡು ವರ್ಷದ ಮಗು ಜ್ವರದಲ್ಲಿ ಹೋಯಿತು; ಆಮೇಲೆ ಗಂಡನ ಮನೆಯವರು ಕರೆಯಲಿಲ್ಲ, ಇವಳೂ ಹೋಗಲಿಲ್ಲ. ಇದನ್ನು ನನಗೆ ಹೇಳಿದವರು ಸಾಹೇಬರೇ, ಯೋಜನೆಗೆ ಅರ್ಜಿ ಕೊಡಲು ತರೀಕೆರೆಗೆ ಬಂದಾಗ.

"ಮೇಡಂ, ನನಗೇನೂ ಮೀನು ಬ್ಯಾಡ. ಪೆನ್ಷನ್ ಬತ್ತದೆ, ಸಾಕು. ಹುಡುಗಿ ಮಾತೇ ಬಿಟ್ಬಿಟ್ಟವಳೆ. ಏನಾದ್ರೂ ಜೀವ ಇರೋದು ಅವಳ ಕೈಲಿ ಇರ್ಲಿ ಅಂತ. ಕುರಿ ತರ್ತೀನಿ ಅಂದೆ, ಬ್ಯಾಡ ಅಂದ್ಳು. ನಿಮ್ಮ ಇಲಾಖೆ ಪುಸ್ತಕದಾಗೆ ಮೀನಿನ ಚಿತ್ರ ನೋಡಿ, ಇದು ಬೇಕು ಅಂದ್ಳು. ಆರು ತಿಂಗಳಲ್ಲಿ ಅವಳು ಬೇಕು ಅಂದಿದ್ದು ಇದೊಂದೇ."

ಯಾವ ಮೀನು ಅಂತ ಪುಸ್ತಕ ತೆಗೆಸಿ ನೋಡಿದೆ. ಮುರುಗೋಡು. ನಮ್ಮ ಕೆರೆಗಳಲ್ಲಿ ಹಿಂದೆ ಧಾರಾಳವಾಗಿದ್ದು ಈಗ ಅಪರೂಪವಾಗಿರುವ, ಮೀಸೆಯುಳ್ಳ, ಕಪ್ಪು ಮೈಯ ಮೀನು. ಅದನ್ನು ಸಾಕುವುದಕ್ಕೆ ಕೇಂದ್ರದ ಪ್ರೋತ್ಸಾಹವೂ ಇತ್ತು. ಕಡತ ಸಲೀಸಾಗಿ ಸಾಗಿತು. ಮಗಳು ಕಡೂರಿನಲ್ಲಿ ನಡೆದ ಮೂರು ದಿನದ ತರಬೇತಿಗೆ ಬಂದಳು. ಮೂರು ದಿನವೂ ಕೊನೆಯ ಬೆಂಚಿನಲ್ಲಿ ಕೂತು ಬರೆದುಕೊಂಡಳು, ಒಂದು ಪ್ರಶ್ನೆ ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನನಗೆ ಫೋನ್ ಮಾಡಿ, "ಮೇಡಂ, ನೀರಿನ ಶಾಖ ಎಷ್ಟೊತ್ತಿಗೆ ನೋಡ್ಬೇಕು, ಬೆಳಿಗ್ಗೇನಾ ಸಂಜೇನಾ?" ಅಂದಳು. ಅವಳ ಧ್ವನಿ ನಾನು ಕೇಳಿದ್ದು ಅದೇ ಮೊದಲು.

ಆ ಭಾಗದಲ್ಲಿ ಮುರುಗೋಡಿನ ಮರಿ ಸಿಗುವುದಿಲ್ಲ. ಹೊರರಾಜ್ಯದ ಒಬ್ಬ ಮರಿ ಮಾರಾಟಗಾರನಿಂದ ತರಿಸಬೇಕಾಯಿತು. ದೀಪಾವಳಿ ಕಳೆದು ಎರಡು ವಾರಕ್ಕೆ ವ್ಯಾನು ಬಂತು. ಬೆಳಿಗ್ಗೆ ಆರಕ್ಕೆ ಬರಬೇಕಿದ್ದದ್ದು ಒಂಬತ್ತಾಗಿತ್ತು. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಸಾವಿರದ ಇನ್ನೂರು ಮರಿ, ಒಂದೊಂದೂ ಕಿರುಬೆರಳಿನಷ್ಟು. ಚೀಲಗಳನ್ನು ಅರ್ಧ ಗಂಟೆ ಕೊಳದ ನೀರಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಶಾಖಕ್ಕೆ ಬಂದ ಮೇಲೆ ಬಾಯಿ ಬಿಚ್ಚಬೇಕು. ಅಷ್ಟೂ ಹೊತ್ತು ಅವಳು ಸೀರೆ ಎತ್ತಿಕಟ್ಟಿ ಮಂಡಿಯುದ್ದ ನೀರಲ್ಲಿ ನಿಂತಿದ್ದಳು. ವ್ಯಾನಿನವನು ಮುದ್ರೆ ಹೊಡೆದ ಕಾಗದ ಕೊಟ್ಟ: ದೇಶಿ ಮುರುಗೋಡು, ಇಂಥ ಕೇಂದ್ರದಲ್ಲಿ ಮರಿ ಮಾಡಿದ್ದು.

ನಾನು ಒಂದು ಮರಿಯನ್ನು ಅಂಗೈಯಲ್ಲಿ ಹಿಡಿದು ನೋಡಿದೆ. ಆ ವಯಸ್ಸಿನಲ್ಲಿ ದೇಶಿ ಮುರುಗೋಡಿಗೂ, ಅದರ ದಾಯಾದಿಯಂತಿರುವ ಆಫ್ರಿಕದ ಕ್ಯಾಟ್‌ಫಿಶ್‌ಗೂ ಬರಿಗಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆ ಬಾಟಲಿ ಇರುವುದೇ ಅದಕ್ಕೆ. ಕಡೂರಿನಲ್ಲಿ ಹನ್ನೊಂದಕ್ಕೆ ಸಭೆಯಿತ್ತು. ಗಡಿಯಾರ ನೋಡಿದೆ. ಮುದ್ರೆ ಇರುವ ಕಾಗದ ಕೈಯಲ್ಲಿದೆಯಲ್ಲ, ನಾಳೆ ಕ್ಷೇತ್ರಪಾಲಕನನ್ನು ಕಳಿಸಿ ಮಾದರಿ ತರಿಸಿದರಾಯಿತು ಅಂದುಕೊಂಡು ಸಹಿ ಹಾಕಿದೆ. ಕ್ಷೇತ್ರಪಾಲಕನೆಂದರೆ ಕೆರೆ, ಕೊಳ ಅಂತ ಅಲೆಯುವ ನಮ್ಮ ನೌಕರ. ಮಾರನೇ ದಿನ ಅವನಿಗೆ ಬೇರೆ ಕೆಲಸ ಹೇಳಿದೆ. ಆಮೇಲೆ ಮರೆತೆ.

ಆಫ್ರಿಕದ ಈ ಮೀನನ್ನು ನಮ್ಮಲ್ಲಿ ನಿಷೇಧಿಸಿರುವುದಕ್ಕೆ ಕಾರಣವಿದೆ. ಅದು ಸಿಕ್ಕಿದ್ದೆಲ್ಲ ತಿನ್ನುತ್ತದೆ: ಬೇರೆ ಮೀನು, ಮೊಟ್ಟೆ, ಕಪ್ಪೆ. ಗಾಳಿ ಉಸಿರಾಡಬಲ್ಲದು. ಮಳೆ ಬಂದು ನೆಲ ಒದ್ದೆಯಾದರೆ ಕೊಳದಿಂದ ಎದ್ದು ತೆವಳಿಕೊಂಡು ಪಕ್ಕದ ನೀರಿಗೆ ಹೋಗುತ್ತದೆ. ಒಂದು ಸಲ ಕೆರೆ ಸೇರಿತೆಂದರೆ ಆ ಕೆರೆಯ ಹಳೆಯ ಮೀನುಗಳ ಕಥೆ ಮುಗಿದಂತೆ.

ಮುಂದಿನ ನಾಲ್ಕೈದು ತಿಂಗಳು ನನ್ನ ಪಾಲಿಗೆ ಬಹಳ ಸಂತೋಷದವು. ಅದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಶಿವನಿ ಕಡೆ ಹೋದಾಗಲೆಲ್ಲ ಜೀಪು ತಾನಾಗಿ ಅತ್ತ ತಿರುಗುತ್ತಿತ್ತು. ಸಾಹೇಬರು ದಡದ ಬೇವಿನ ಮರಕ್ಕೆ ಹಳೆಯ ಹಳಿಯ ತುಂಡೊಂದನ್ನು ನೇತುಹಾಕಿದ್ದರು. ಮಗಳು ಅದನ್ನು ಮೂರು ಸಲ ಬಡಿದರೆ ಸಾಕು, ನೀರು ಕುದಿಯಲು ಹತ್ತಿದಂತೆ ಮೀನುಗಳು ಆ ಮೂಲೆಗೆ ನುಗ್ಗಿ ಬರುತ್ತಿದ್ದವು. ಆಹಾರದ ಗುಳಿಗೆ ಎರಚುತ್ತ ಅವಳು ಅವುಗಳ ಜೊತೆ ಮಾತಾಡುತ್ತಿದ್ದಳು. ಮನೆಮಾತಾದ ದಖನಿ ಉರ್ದುವಿನಲ್ಲಿ ಬೈಯುತ್ತಿದ್ದಳು, ಮುದ್ದು ಮಾಡುತ್ತಿದ್ದಳು. ಸಾಹೇಬರು ದೂರದಲ್ಲಿ ಕೂತು ಬೀಡಿ ಹಚ್ಚಿ, ಆ ಕಡೆ ನೋಡದವರಂತೆ ನೋಡುತ್ತಿದ್ದರು.

"ಮೇಡಂ, ಆ ಬಿಳಿ ಮಚ್ಚೆದು ಐತಲ್ಲ, ಅದು ಎಲ್ಲಾರನ್ನೂ ನೂಕಿ ಬತ್ತದೆ. ಗೂಂಡಾ ಅದು," ಅಂದು ಒಮ್ಮೆ ನಕ್ಕಳು.

ಅವಳ ಬಳಿ ಒಂದು ನೂರು ಪುಟದ ನೋಟ್‌ಬುಕ್ಕಿತ್ತು. ಅದರಲ್ಲಿ ದಿನದಿನದ ನೀರಿನ ಶಾಖ, ಹಾಕಿದ ಆಹಾರ, ಹದಿನೈದು ದಿನಕ್ಕೊಮ್ಮೆ ಹತ್ತು ಮೀನು ಹಿಡಿದು ತೂಗಿದ ಲೆಕ್ಕ, ಎಲ್ಲ ಇತ್ತು. ದುಂಡಗಿನ, ಒತ್ತಿ ಬರೆದ ಅಕ್ಷರ. ನನ್ನ ಇಡೀ ತಾಲ್ಲೂಕಿನಲ್ಲಿ ಅಷ್ಟು ಶುದ್ಧವಾಗಿ ದಾಖಲೆ ಇಟ್ಟವರು ಇನ್ನೊಬ್ಬರಿರಲಿಲ್ಲ. ತೂಕ ಸ್ವಲ್ಪ ಹೆಚ್ಚೇ ಏರುತ್ತಿದೆ ಎಂದು ನನಗೆ ಒಮ್ಮೆ ಅನ್ನಿಸಿತ್ತು. ಒಳ್ಳೆ ಆರೈಕೆ, ಅದಕ್ಕೇ ಅಂದುಕೊಂಡೆ. ಅಂದುಕೊಳ್ಳಬೇಕೆಂದಿತ್ತು, ಅಂದುಕೊಂಡೆ. ವರ್ಷದ ವರದಿಯಲ್ಲಿ ಅದನ್ನು ಮಾದರಿ ಕೊಳ ಎಂದು ಬರೆದು, ಅವಳು ಹಳಿ ಬಡಿಯುತ್ತಿರುವ ಫೋಟೋ ಅಂಟಿಸಿ ಮೇಲಕ್ಕೆ ಕಳಿಸಿದೆ.

ಆ ಫೋಟೋ ನೋಡಿಯೇ ದೆಹಲಿಯ ತಂಡ ಶಿವನಿಗೆ ಬಂದದ್ದು.

ಬಂದವರು ಇಬ್ಬರು. ಅವರಲ್ಲಿ ಹಿರಿಯರು ವಿಜ್ಞಾನಿ, ನರೆತ ಕೂದಲಿನ, ಮೆಲು ಮಾತಿನ ಮನುಷ್ಯ. ಏಪ್ರಿಲ್ ಬಿಸಿಲು. ಸಾಹೇಬರು ಕುರ್ಚಿ ಹಾಕಿ, ನಿಂಬೆ ಶರಬತ್ತು ಕೊಟ್ಟರು. ವಿಜ್ಞಾನಿಗಳು ಹಿಂದಿಯಲ್ಲಿ ಕೇಳಿದ್ದಕ್ಕೆ ಮಗಳು ದಖನಿಯಲ್ಲಿ ಉತ್ತರ ಕೊಡುತ್ತ, ಉತ್ಸಾಹದಿಂದ ನೋಟ್‌ಬುಕ್ ತಂದುಕೊಟ್ಟಳು. ಅವರು ಮೊದಲ ಪುಟಗಳನ್ನು ಮೆಚ್ಚುತ್ತ ತಿರುಗಿಸಿದರು. ಆಮೇಲೆ ನಿಧಾನವಾದರು. ತೂಕದ ಕಾಲಮ್ಮಿನ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಹೋದರು. ಐದು ತಿಂಗಳಿಗೆ ಮುಕ್ಕಾಲು ಕೆಜಿ. ದೇಶಿ ಮುರುಗೋಡು ಎಷ್ಟೇ ತಿಂದರೂ ಅಷ್ಟರಲ್ಲಿ ಅದರ ಕಾಲು ಭಾಗ ಬೆಳೆಯುವುದಿಲ್ಲ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

"ಒಂದು ಮೀನು ಬೇಕಿತ್ತಲ್ಲ," ಅಂದರು.

ಮಗಳು ಹಳಿ ಬಡಿದಳು. ಬಲೆಗೆ ಬಂದದ್ದನ್ನು ಅವರು ದೂರ ಒಯ್ದು, ನೆತ್ತಿಯ ಚರ್ಮವನ್ನು ಚಾಕುವಿನಿಂದ ಬಿಡಿಸಿದರು. ತಲೆಚಿಪ್ಪಿನ ಹಿಂದಿನ ಅಂಚು ನಮ್ಮ ಮುರುಗೋಡಿನಲ್ಲಿ ಒಂದೇ ಮೊನೆಯಾಗಿ ಕೊನೆಯಾಗುತ್ತದೆ. ಇದರಲ್ಲಿ ಅಂಚು ಎರಡು ಕಡೆ ಒಳಬಾಗಿ ಮೂರು ಮೊನೆಯಾಗಿತ್ತು. ಅವರು ಅದನ್ನು ನನ್ನ ಕೈಗೆ ಕೊಟ್ಟರು.

"ಖಾತ್ರಿಗೆ ಲ್ಯಾಬಿಗೆ ಕಳಿಸೋಣ. ಅಲ್ಲಿಯವರೆಗೆ ಒಂದು ಮೀನೂ ಇಲ್ಲಿಂದ ಹೊರಗೆ ಹೋಗಬಾರದು," ಎಂದರು. ಜೀಪು ಹತ್ತುವ ಮೊದಲು ನನ್ನನ್ನು ಪಕ್ಕಕ್ಕೆ ಕರೆದು, "ಮರಿ ಬಂದಾಗ ತೆಗೆದಿಟ್ಟ ಮಾದರಿ ನಿಮ್ಮ ಹತ್ತಿರ ಇರಬೇಕಲ್ಲ?" ಅಂತ ಕೇಳಿದರು.

"ಇಲ್ಲ ಸರ್," ಅಂದೆ. ಅವರು ಜೀಪು ಹತ್ತಿದರು.

ವರದಿ ಬರುವುದಕ್ಕೆ ಹನ್ನೆರಡು ದಿನ ಹಿಡಿಯಿತು. ಅಷ್ಟೂ ದಿನ ಅವಳು ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಫೋನ್ ಮಾಡುತ್ತಿದ್ದಳು. "ಮೇಡಂ, ಊಟ ಹಾಕ್ಬೋದಾ?" ಹಾಕಮ್ಮ ಅನ್ನುತ್ತಿದ್ದೆ. ಹದಿಮೂರನೇ ದಿನ ಫೋನ್ ಬಂದಾಗ ನಾನು ತೆಗೆಯಲಿಲ್ಲ. ವರದಿ ಮೇಜಿನ ಮೇಲಿತ್ತು. ಆದೇಶವೂ ಜೊತೆಗಿತ್ತು: ಮಳೆಗಾಲಕ್ಕೆ ಮೊದಲು ಎರಡೂ ಕೊಳದ ಮೀನನ್ನು ಪೂರ್ತಿ ನಾಶ ಮಾಡಿ, ಸುಣ್ಣ ಹಾಕಿ ಹೂಳಬೇಕು.

ನಾನೇ ಹೋಗಿ ಹೇಳಿದೆ. ಸಾಹೇಬರು ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು.

"ಮೇಡಂ, ರೋಗ ಐತಾ ಅವಕ್ಕೆ?"

"ಇಲ್ಲ ಸಾಹೇಬ್ರೆ. ಚೆನ್ನಾಗವೆ."

"ಮತ್ತೆ ಯಾಕ್ ಕೊಲ್ಲೋದು?"

ಹೇಳಿದೆ. ಕೊಳದ ಹಿಂದಿನ ಹಳ್ಳವನ್ನು ತೋರಿಸಿದೆ. ಮಳೆ ಬಂದರೆ ಅದು ಹರಿದು ಹೋಗಿ ಸೇರುವ ಕೆರೆಯ ಮಾತು ಹೇಳಿದೆ. ಅವರು ದಡ್ಡರಲ್ಲ. ಮೂವತ್ತು ವರ್ಷ ಹಳಿ ಕಾದವರು. ಒಂದು ಬೋಲ್ಟು ಸಡಿಲವಾದರೆ ಏನಾಗುತ್ತದೆಂದು ಗೊತ್ತಿದ್ದವರು. ತಲೆ ಅಲ್ಲಾಡಿಸಿದರು. ಆದರೂ ಇನ್ನೊಂದು ಮಾತು ಕೇಳಿದರು: "ಕಾಗದದಾಗೆ ಸರಿ ಐತೆ ಅಂತ ನೀವೇ ಸೈನ್ ಹಾಕಿದ್ರಲ್ಲ ಮೇಡಂ?"

"ಹೌದು. ನನ್ನಿಂದಲೇ ತಪ್ಪಾಯ್ತು. ನೋಡ್ಬೇಕಿತ್ತು, ನೋಡ್ಲಿಲ್ಲ."

ಮಗಳು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅಳಲಿಲ್ಲ. "ಹೆಂಗ್ ಮಾಡ್ತೀರಾ?" ಅಂದಳು.

ಹೇಗೆ ಅನ್ನುವುದು ನನಗೂ ಗೊತ್ತಿರಲಿಲ್ಲ. ಜಿಲ್ಲೆಯ ಮೇಲಧಿಕಾರಿಗಳಿಗೆ ಫೋನ್ ಮಾಡಿದರೆ, "ಜೆಸಿಬಿ ಕರೆಸ್ರಿ. ನೀರು ಖಾಲಿ ಮಾಡಿ, ಬ್ಲೀಚಿಂಗ್ ಪೌಡರ್ ಹಾಕಿ, ಮಣ್ಣು ಮುಚ್ಚಿಸಿ. ಒಂದು ದಿನದ ಕೆಲಸ," ಎಂದರು. ಬೇರೆ ಮೀನಾದರೆ ಹಾಗೆ ಮಾಡಬಹುದಿತ್ತು. ಇದು ಗಾಳಿ ಉಸಿರಾಡುವ ಮೀನು. ನೀರಿಲ್ಲದೆ ಕೆಸರಲ್ಲಿ ಗಂಟೆಗಟ್ಟಲೆ ಬದುಕುತ್ತದೆ. ಸುಣ್ಣ ಸುರಿದು ಮಣ್ಣು ಮುಚ್ಚಿದರೆ ಒಳಗೆ ಎಷ್ಟು ಹೊತ್ತು ಜೀವಂತ ಇರುತ್ತದೋ ಯಾರಿಗೂ ಗೊತ್ತಿಲ್ಲ. ಬೇರೊಂದು ಕಡೆ ಹಾಗೆ ಹೂತದ್ದನ್ನು ನಮ್ಮ ಕ್ಷೇತ್ರಪಾಲಕ ನೋಡಿದ್ದ. "ಮಣ್ಣು ಅಲ್ಲಾಡ್ತಿತ್ತು ಮೇಡಂ," ಎಂದಷ್ಟೇ ಹೇಳಿದ.

ಆ ದೆಹಲಿಯ ವಿಜ್ಞಾನಿಗಳಿಗೆ ಫೋನ್ ಮಾಡಿದೆ. ಅವರು ದಾರಿ ಹೇಳಿದರು: ದೊಡ್ಡ ತೊಟ್ಟಿಯ ನೀರಿಗೆ ಲವಂಗದ ಎಣ್ಣೆಯನ್ನು ಸ್ಪಿರಿಟ್ಟಿನಲ್ಲಿ ಕಲಸಿ ಬೆರೆಸಬೇಕು. ಮೀನು ಅದರಲ್ಲಿ ಮೊದಲು ಮಂಪರಾಗುತ್ತದೆ, ಆಮೇಲೆ ನಿದ್ದೆಯಲ್ಲೇ ಹೋಗುತ್ತದೆ. ಹೊರಗೆ ತೆಗೆದು ಮಂಜುಗಡ್ಡೆಯಲ್ಲಿಟ್ಟು, ಸತ್ತಿದ್ದು ಖಾತ್ರಿಯಾದ ಮೇಲೆ ಹೂಳಬೇಕು. ಒಂದು ದಿನದಲ್ಲಿ ಆಗುವುದಿಲ್ಲ, ಮೂರು ದಿನ ಬೇಕು. "ಆದೇಶದಲ್ಲಿ ಇದು ಬೇಡ ಅಂತ ಎಲ್ಲೂ ಇಲ್ಲ," ಅಂದರು.

ಹಾಗೇ ಮಾಡುವುದೆಂದು ತೀರ್ಮಾನಿಸಿದೆ. ತರೀಕೆರೆ, ಕಡೂರು ಎರಡೂ ಊರಿನ ಗ್ರಂಧಿಗೆ ಅಂಗಡಿ ಸುತ್ತಿ ಲವಂಗದ ಎಣ್ಣೆ ಒಟ್ಟು ಮಾಡಿದೆ. ಕಡೂರಿನ ಅಂಗಡಿಯವರು ಸೀಸೆಗಳನ್ನೆಲ್ಲ ಕಟ್ಟಿಕೊಡುತ್ತ, "ಏನ್ ಮೇಡಂ, ಊರಿಗೆಲ್ಲ ಹಲ್ಲುನೋವಾ?" ಅಂತ ನಕ್ಕರು. ನಾನೂ ನಗುವಂತೆ ಮಾಡಿದೆ. ಇಷ್ಟರಮಟ್ಟಿಗಾದರೂ ಸರಿಯಾದ ಕೆಲಸ ಮಾಡುತ್ತಿದ್ದೇನೆ ಎಂಬ ಸಮಾಧಾನ ಆಗ ನನಗಿತ್ತು.

ಹಿಂದಿನ ಸಂಜೆ ತೊಟ್ಟಿ, ಎಳೆಬಲೆ ಎಲ್ಲ ಇಳಿಸಿದೆವು. ಮಗಳನ್ನು ಮೂರು ದಿನ ಅಜ್ಜಂಪುರದ ಸೋದರತ್ತೆಯ ಮನೆಗೆ ಕಳಿಸಿಬಿಡಿ ಎಂದು ಸಾಹೇಬರಿಗೆ ಹೇಳಿದ್ದೆ. ಅವರು ಬುತ್ತಿಯನ್ನೂ ಕಟ್ಟಿಸಿದ್ದರು. ಅವಳು ಹೋಗಲಿಲ್ಲ. ಬಲೆ ನೋಡಿದಳು, ತೊಟ್ಟಿಯ ನೀರು ಮೂಸಿ ನೋಡಿದಳು, ಕ್ಷೇತ್ರಪಾಲಕನನ್ನು ಒಂದೊಂದೇ ಕೇಳಿ ತಿಳಿದುಕೊಂಡಳು. ಆಮೇಲೆ ನನ್ನ ಹತ್ತಿರ ಬಂದಳು.

"ಬಲೆ ಎಳೆದ್ರೆ ಗಾಬರಿ ಬಿದ್ದು ಒಂದನ್ನೊಂದು ಚುಚ್ಕೋತವೆ ಮೇಡಂ. ನಾನು ಕರೆದ್ರೆ ತಾವೇ ಬತ್ತವೆ. ನಾನು ಕರೀತೀನಿ."

"ಬೇಡಮ್ಮ. ಅದೊಂದು ಕೆಲಸ ನೀನು ಮಾಡ್ಬೇಡ."

"ನೋವಾಗ್ದಂಗೆ ಮಾಡೋದು ಅಂದ್ರಲ್ಲ? ಮತ್ತೆ?"

ಸಾಹೇಬರು ಅವಳ ಮಾತಿಗೆ, "ಬೇಟಿ, ನಕ್ಕೋ," ಅಂದರು. ಬೇಡಮ್ಮ ಅಂತ ಅರ್ಥ. ಅವಳು ಅವರ ಕಡೆ ತಿರುಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಬದುಕಿ ಉಳಿದಿದ್ದ ಎಂಟು ನೂರಕ್ಕೂ ಹೆಚ್ಚು ಮೀನು, ಮೂರು ದಿನ, ಐದು ಜನ ಆಳು. ಅವಳು ಹೇಳಿದ್ದು ನಿಜವೂ ಆಗಿತ್ತು. ನಾನು ಹೂಂ ಅಂದೆ.

ಬಾಟಲಿಯ ಕೆಲಸ ಬಿಟ್ಟದ್ದು ನನ್ನ ಮೊದಲ ತಪ್ಪು. ಅದಕ್ಕೆ ಹೆಸರಿದೆ, ನಿಯಮವಿದೆ, ಶಿಕ್ಷೆಯಿದೆ. ಆ ಸಂಜೆ ಹೂಂ ಅಂದದ್ದು ಎರಡನೆಯದು. ಅದು ಯಾವ ಕಾಗದದಲ್ಲೂ ಇಲ್ಲ.

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಅವಳು ಬೇವಿನ ಮರದ ಕೆಳಗೆ ನಿಂತು ಹಳಿ ಬಡಿದಳು, ಮೂರು ಸಲ. ಮೀನುಗಳು ಬಂದವು. ಯಾವತ್ತಿನಂತೆ ಒಂದನ್ನೊಂದು ನೂಕಿಕೊಂಡು, ಬಾಯಿ ತೆರೆದುಕೊಂಡು ಬಂದವು. ಅವಳು ಒಂದು ಹಿಡಿ ಗುಳಿಗೆ ಎರಚಿದಳು. ನಾವು ಬಲೆ ಎತ್ತಿದೆವು. ತೊಟ್ಟಿಗೆ ಬಿಟ್ಟ ಮೀನುಗಳು ಒಂದೆರಡು ಸುತ್ತು ಹಾಕಿ, ನಿಧಾನವಾಗಿ ಪಕ್ಕಕ್ಕೆ ವಾಲಿದವು. ಲವಂಗದ ಘಾಟು ಕೊಳದ ಸುತ್ತ ಹರಡಿ, ಸ್ಟೇಷನ್ನಿನವರೆಗೂ ಹೋಯಿತು. ಅರ್ಧ ಗಂಟೆ ಬಿಟ್ಟು ಮತ್ತೆ ಬಡಿದಳು. ಮತ್ತೆ ಬಂದವು. ಪ್ರತಿ ಸಲವೂ ಅವಳು ಊಟ ಹಾಕಿದಳು. ಒಂದು ಸಲವೂ ತಪ್ಪಿಸಲಿಲ್ಲ. ಬಿಳಿ ಮಚ್ಚೆಯದು ಮೂರನೇ ಸಲಕ್ಕೆ ಬಂತು. ಅವಳು ಅದನ್ನು ನೋಡಿದಳು. ನಾನೂ ನೋಡಿದೆ. ಸಂಜೆಯ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಅವಳು ಕೈ ತೊಳೆದು ಒಳಗೆ ಹೋದಳು.

ಎರಡನೇ ದಿನ ಬೆಳಿಗ್ಗೆ ಹಳಿ ಬಡಿದಳು. ನೀರು ಅಲ್ಲಾಡಲಿಲ್ಲ.

ಮತ್ತೆ ಬಡಿದಳು. ಗುಳಿಗೆ ಎರಚಿದಳು. ಅವು ನೀರಿನ ಮೇಲೆ ತೇಲುತ್ತ ನಿಂತವು. ಕೊಳದ ಆಚೆ ತುದಿಯಲ್ಲಿ, ಆಳದ ಕಡೆ, ಒಂದೆರಡು ಗುಳ್ಳೆ ಎದ್ದವು. ಅಷ್ಟೇ.

"ಯಾಕ್ ಬತ್ತಿಲ್ಲ ಮೇಡಂ?" ಅಂದಳು.

ಅವಳಿಗೆ ಗೊತ್ತಿತ್ತು. ನಮಗಿಂತ ಚೆನ್ನಾಗಿ ಗೊತ್ತಿತ್ತು. ಉಳಿದ ಮೀನುಗಳು ಆ ಸದ್ದಿನ ಅರ್ಥವನ್ನು ಒಂದೇ ದಿನದಲ್ಲಿ ಹೊಸದಾಗಿ ಕಲಿತಿದ್ದವು. ಅವಳು ಮೂರನೇ ಸಲ ಬಡಿಯಲು ಕೈಯೆತ್ತಿದವಳು ಹಾಗೇ ನಿಂತಳು. ಕೈಯಲ್ಲಿದ್ದ ಸುತ್ತಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು. "ನನಗೆ ಹೆದರ್ತಾವೆ," ಅಂದಳು. ಅಪ್ಪನ ಕಡೆ ತಿರುಗಿ, "ಅಬ್ಬಾ, ನನಗೇ ಹೆದರ್ತಾವೆ," ಅಂದಳು. ಸಾಹೇಬರು ಓಡಿ ಬಂದು ಅವಳ ತೋಳು ಹಿಡಿದುಕೊಂಡರು. ಒಳಗೆ ಕರೆದುಕೊಂಡು ಹೋದರು.

ಆಮೇಲೆ ಪಂಪು ಹಚ್ಚಿ ನೀರು ತೆಗೆಸಿದೆವು. ಹೊರಗೆ ಹೋಗುವ ನೀರಿಗೆ ಸಣ್ಣ ಕಣ್ಣಿನ ಬಲೆ ಎರಡು ಪದರ ಕಟ್ಟಿದ್ದೆವು. ಉಳಿದವನ್ನು ಕೆಸರಿಗಿಳಿದು ಕೈಯಲ್ಲೇ ಹಿಡಿಯಬೇಕಾಯಿತು. ಒಂದು ಮೀನಿನ ಎದೆಯ ಪಕ್ಕದ ಮುಳ್ಳು ನನ್ನ ಅಂಗೈಗೆ ಹೊಕ್ಕು ಕೈ ಮೊಣಕೈವರೆಗೆ ಊದಿತು. ಮನೆಗೆ ಹೋಗಿ ಎಂದು ಕ್ಷೇತ್ರಪಾಲಕ ಗೋಗರೆದ, ನಾನು ಹೋಗಲಿಲ್ಲ. ಮೂರನೇ ದಿನ ಮಧ್ಯಾಹ್ನ ಕೊನೆಯ ಮೀನು ಸಿಕ್ಕಿತು. ಗುಂಡಿಗೆ ಸುಣ್ಣ, ಮಣ್ಣು. ಖಾಲಿ ಕೊಳಗಳಿಗೂ ಸುಣ್ಣ. ಸಾಹೇಬರು ಎಲ್ಲರಿಗೂ ತಾವೇ ಟೀ ಮಾಡಿ ತಂದರು. ಟೀ ಲೋಟ ಹಿಡಿದು ನಿಂತ ಐದೂ ಜನ ಆಳುಗಳು ನೆಲ ನೋಡುತ್ತಿದ್ದರು. ಆ ವಾರದ ಕೊನೆಗೆ ಮೊದಲ ಮಳೆ ಬಂತು. ಹಳ್ಳ ಹರಿದು ಕೆರೆ ಸೇರಿತು. ಆ ಕೆರೆಯಲ್ಲಿ ಇವತ್ತಿಗೂ ಆ ಮೀನು ಸಿಕ್ಕಿಲ್ಲ. ಕೆಲಸವೇನೋ ಆಯಿತು.

ವರದಿ ಬರೆಯುವುದು ಉಳಿದಿತ್ತು. ನಿಷೇಧಿತ ತಳಿ ಕೊಳಕ್ಕೆ ಬಂದದ್ದು ಹೇಗೆ ಎಂಬ ಕಲಮಿಗೆ ಉತ್ತರ ಬೇಕಿತ್ತು. ಗೊತ್ತಿದ್ದೂ ಸಾಕಿದ್ದರೆ ಸಾಕಿದವರ ಮೇಲೆ ಪ್ರಕರಣ ಹಾಕಬೇಕು. ಮರಿ ಮಾರಿದವನ ಫೋನು ಅಷ್ಟರಲ್ಲಾಗಲೇ ಸ್ವಿಚ್ ಆಫ್ ಆಗಿತ್ತು. ಮುದ್ರೆಯ ಕಾಗದದಲ್ಲಿದ್ದ ವಿಳಾಸದಲ್ಲಿ ಅಂಥ ಕೇಂದ್ರವೇ ಇರಲಿಲ್ಲ. ಮೇಲಧಿಕಾರಿಗಳು ನನ್ನನ್ನು ಕರೆಸಿ, ಬಾಗಿಲು ಮುಂದೆ ಮಾಡಿ, ಸಮಾಧಾನವಾಗಿಯೇ ಮಾತಾಡಿದರು.

"ನೋಡ್ರಿ, ನಿಮಗಿನ್ನೂ ಹದಿನೈದು ವರ್ಷ ಸರ್ವೀಸಿದೆ. ನೀವು ಸಹಿ ಹಾಕಿದ್ದು ಒಳ್ಳೇ ಮರಿಗೇ. ಆಮೇಲೆ ಅವರು ಬೇರೆ ಮರಿ ತಂದು ಬಿಟ್ಕೊಂಡಿರಬಹುದಲ್ಲ? ಹಾಗೆ ಬರೆದ್ರೆ ಯಾರೂ ಇಲ್ಲ ಅನ್ನಕ್ಕಾಗಲ್ಲ. ಮಾದರಿ ಎಲ್ಲಿದೆ ಅಂತ ಕೇಳಿದ್ರೆ ಬಾಟಲಿ ಒಡೆದುಹೋಯ್ತು ಅಂದ್ರಾಯ್ತು."

ಎರಡು ದಿನ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ನೋಟ್‌ಬುಕ್ ನನ್ನ ಕಚೇರಿಯಲ್ಲೇ ಇತ್ತು, ಸಾಕ್ಷಿಯೆಂದು ತರಿಸಿಟ್ಟದ್ದು. ಮೊದಲ ಪುಟ ತೆರೆದರೆ ಮರಿ ಬಿಟ್ಟ ದಿನ, ವ್ಯಾನು ಬಂದ ಹೊತ್ತು, ನೀರಿನ ಶಾಖ, ಅದರ ಕೆಳಗೆ ಒಂದು ಸಾಲು: "ಮೇಡಂ ಕೈಯಲ್ಲಿ ಹಿಡಿದು ನೋಡಿದರು. ಚೆನ್ನಾಗಿದೆ ಅಂದರು." ಅಂದಿನಿಂದ ಕೊನೆಯವರೆಗೆ ಒಂದು ದಿನವೂ ಖಾಲಿ ಇರಲಿಲ್ಲ. ಬೇರೆ ಮರಿ ಬಿಟ್ಟಿದ್ದರೆ ಅವಳು ಅದನ್ನೂ ಬರೆದಿರುತ್ತಿದ್ದಳು.

ಕಲಮಿಗೆ ಹೀಗೆ ಬರೆದೆ: "ಮರಿ ಬಿಡುವ ದಿನ ಮಾದರಿ ತೆಗೆದು ಪರೀಕ್ಷೆಗೆ ಕಳಿಸಬೇಕಾಗಿದ್ದುದು ನನ್ನ ಕರ್ತವ್ಯ. ನಾನು ಕಳಿಸಲಿಲ್ಲ. ಪರೀಕ್ಷಿಸದೆ ಸಹಿ ಹಾಕಿದೆ. ಕೊಳದವರು ನನ್ನ ಸಹಿಯನ್ನು ನಂಬಿದರು. ಅವರದು ಯಾವ ತಪ್ಪೂ ಇಲ್ಲ."

ಮೇಲಧಿಕಾರಿಗಳು ಅದನ್ನು ಓದಿ, "ನಿಮ್ಮಿಷ್ಟ," ಅಂದು ಮುಂದಕ್ಕೆ ಕಳಿಸಿದರು. ವಿಚಾರಣೆ ನಡೆಯಿತು. ನನಗೆ ಬರಬೇಕಿದ್ದ ಬಡ್ತಿ ತಡೆಯಾಯಿತು. ಅದರ ಬಗ್ಗೆ ನನಗೆ ಹೇಳುವುದೇನೂ ಇಲ್ಲ, ಸಿಗಬೇಕಾದದ್ದು ಸಿಕ್ಕಿತು. ಕೊಳದವರ ಮೇಲೆ ಪ್ರಕರಣ ಬೇಡವೆಂದು ದೆಹಲಿಯಿಂದ ಕಾಗದ ಬಂತು. ಅದರ ಜೊತೆಗೇ ಅವರಿಗೆ ಪರೀಕ್ಷಿಸಿದ ದೇಶಿ ಮುರುಗೋಡಿನ ಮರಿಗಳನ್ನು ಉಚಿತವಾಗಿ ಕೊಡಬಹುದು ಎಂದೂ ಇತ್ತು. ಆ ಸಾಲು ಸೇರಿಸಿದ್ದು ಆ ಹಿರಿಯ ವಿಜ್ಞಾನಿಗಳೇ ಎಂದು ನನಗೆ ಗೊತ್ತಿತ್ತು.

ಆ ಕಾಗದ ಹಿಡಿದುಕೊಂಡು ಅಕ್ಟೋಬರಿನಲ್ಲಿ ಶಿವನಿಗೆ ಹೋದೆ. ಜೀಪು ನಿಲ್ಲಿಸುತ್ತಿದ್ದಂತೆ ಒಳಗಿನ ಕೋಣೆಯ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿಸಿತು. ಸಾಹೇಬರು ಹೊರಗೆ ಬಂದು ಕುರ್ಚಿ ಹಾಕಿದರು. ಐದು ತಿಂಗಳಲ್ಲಿ ಬಹಳ ಇಳಿದುಹೋಗಿದ್ದರು. ಕೊಳಗಳಲ್ಲಿ ಮಳೆನೀರು ನಿಂತು ಪಾಚಿ ಕಟ್ಟಿತ್ತು. ಕಾಗದ ಓದಿ ಹೇಳಿದೆ. ಮರಿಗಳ ವಿಷಯ ಹೇಳಿದೆ. ಈ ಸಲ ಬೆಂಗಳೂರಿಗೆ ನಾನೇ ಹೋಗಿ ಪರೀಕ್ಷೆ ಮಾಡಿಸಿ, ನಾನೇ ತರುತ್ತೇನೆ ಎಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು.

"ದೊಡ್ಡ ಉಪಕಾರ ಮೇಡಂ. ಕೇಸು ಹಾಕ್ಲಿಲ್ಲವಲ್ಲ, ನಿಮ್ಮಿಂದ ಆಯ್ತು ಅದು. ನಿಮ್ಮ ಕೆಲ್ಸಕ್ಕೇ ತೊಂದ್ರೆ ಮಾಡ್ಕಂಡ್ರಂತೆ, ಕ್ಷೇತ್ರಪಾಲಕರು ಹೇಳಿದ್ರು." ಪಾಚಿ ಕಟ್ಟಿದ ಕೊಳದ ಕಡೆ ನೋಡಿದರು. "ಮರಿ ಬ್ಯಾಡ. ಯಾರಿಗಾದ್ರೂ ಕೊಡಿ."

"ಈಗಲೇ ಬೇಡ. ಅವಳಿಗೆ ಸ್ವಲ್ಪ ಸರಿಹೋದ ಮೇಲೆ ಬಂದು ಕೇಳ್ತೀನಿ ಸಾಹೇಬ್ರೆ."

ಅವರು ನನ್ನ ಮುಖ ನೋಡಲಿಲ್ಲ. ಬೆರಳಿನಿಂದ ಕುರ್ಚಿಯ ತೋಳನ್ನು ಉಜ್ಜುತ್ತ, ಬಹಳ ಮರ್ಯಾದೆಯಿಂದ, ಬಹಳ ಸಂಕೋಚದಿಂದ ಹೇಳಿದರು.

"ನಿಮ್ಮ ಮೇಲೆ ಸಿಟ್ಟಿಲ್ಲ ಮೇಡಂ, ಅಲ್ಲಾನ ಆಣೆ. ನೀವು ಒಳ್ಳೇವ್ರು. ಅವಳೂ ನಿಮ್ಮನ್ನ ಒಂದು ಮಾತು ಅಂದಿಲ್ಲ. ಆದ್ರೆ ನಿಮ್ಮ ಜೀಪು ಈ ಕಡೆ ಬಂತು ಅಂದ್ರೆ ಆಮೇಲೆ ಮೂರು ದಿನ ಅನ್ನ ಮುಟ್ಟಲ್ಲ. ಹೋದ ತಿಂಗಳು ಪಕ್ಕದ ತೋಟಕ್ಕೆ ಬಂದಿದ್ರಲ್ಲ ನೀವು, ಆಗ್ಲೂ ಹಂಗೇ ಆಯ್ತು. ನೀವಿನ್ನು ಬರ್ಬೇಡಿ ಮೇಡಂ."

"ಆಯ್ತು ಸಾಹೇಬ್ರೆ," ಅಂದೆ.

ಅವರು ರಸ್ತೆಯವರೆಗೂ ಬಂದು ಕಳಿಸಿಕೊಟ್ಟರು. ಜೀಪು ಸ್ಟಾರ್ಟ್ ಮಾಡಲು ನನಗೆ ಮನಸ್ಸಾಗಲಿಲ್ಲ. ಸದ್ದಾಗದಿರಲೆಂದು ಇಳಿಜಾರಿನವರೆಗೆ ನಾನೂ ಡ್ರೈವರೂ ತಳ್ಳಿಕೊಂಡು ಹೋದೆವು. ಅದರಿಂದ ಏನೂ ಆಗುವುದಿಲ್ಲ, ಬಂದಾಗಲೇ ಅವಳಿಗೆ ಕೇಳಿಸಿತ್ತು. ಆದರೂ ತಳ್ಳಿದೆವು.

ಅದಾಗಿ ಎರಡು ವರ್ಷವಾಯಿತು. ಶಿವನಿ ಭಾಗದ ತಪಾಸಣೆಗೆ ಕ್ಷೇತ್ರಪಾಲಕ ಹೋಗಿಬರುತ್ತಾನೆ. ಅವನು ಹಿಂದಿರುಗಿದಾಗ ಮೊದಮೊದಲು ಅವಳು ಹೇಗಿದ್ದಾಳೆ ಎಂದು ಕೇಳುತ್ತಿದ್ದೆ. "ಮಾತಾಡಲ್ಲ ಮೇಡಂ," ಅನ್ನುತ್ತಿದ್ದ. ಈಗ ನಾನು ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.